ಉತ್ತರದ ತುದಿಗೆ ಹೊರಟ ಬುಗುರಿ

ಪರದೇಶದಲ್ಲಿ ನೆಲೆಸಿದ ನಮ್ಮಂಥವರಿಗೆ ಪ್ರವಾಸವೆಂದರೆ ಬಹುಮಟ್ಟಿಗೆ ಊರಿಗೆ ಹೋಗಿಬರುವುದೇ ಆಗಿದೆ. ವರ್ಷದ ರಜೆಯೆಲ್ಲವೂ ಬಂಧುಬಳಗದ ಮನೆಗಳಿಗೇ ಮೀಸಲು. ಅದು ತಕ್ಕದ್ದೇ. ಆದರೆ ಜೀವಮಾನದಲ್ಲೊಮ್ಮೆ ಕಾಣಬೇಕೆಂದು ಬಯಸಿದ ತಾಣ ಬಯಕೆಯಾಗಿಯೇ ಉಳಿದು, ಅಷ್ಟರಲ್ಲಿ ಮೊಣಕಾಲು ಮುಷ್ಕರ ಹೂಡಿರುತ್ತದೆ. ಅಂಥ ತಾಣಕ್ಕೆ ನಮ್ಮ ಬದಲು ಪುಟ್ಟ ವಸ್ತುವೊಂದನ್ನು ಅಪರಿಚಿತರ ಕೈಯಿಂದ ಕೈಗೆ ದಾಟಿಸಿ ಕಳುಹಿಸುವ ಮಾರ್ಗವೊಂದುಂಟು.

ಇದು ಜಿಯೋಕ್ಯಾಶಿಂಗ್ ಎಂಬ ನಿಧಿಶೋಧದ ಆಟದ ಒಂದು ಶಾಖೆ. ಜಿಪಿಎಸ್ ಸಂಕೇತಗಳಲ್ಲಿ ಉದ್ದೇಶಪೂರ್ವಕವಾಗಿ ಬೆರೆಸಿದ್ದ ದೋಷವನ್ನು ಅಮೆರಿಕ ಸರ್ಕಾರ 2000ದ ಮೇ ಆರಂಭದಲ್ಲಿ ನಿಲ್ಲಿಸಿತು. ಮೇ 3ರಂದೇ ಡೇವ್ ಅಲ್ಮರ್ ಎಂಬವರು ಆರೆಗನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ಟನ್ನು ಅಡಗಿಸಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಇಂದು ಅಂಥ ಡಬ್ಬಿಗಳು ಜಗತ್ತಿನಾದ್ಯಂತ ಇವೆ. ಅವುಗಳ ನಡುವೆ ಸಂಚರಿಸುವುದೇ 'ಟ್ರಾವೆಲ್ ಬಗ್' ಎಂಬ ಲೋಹದ ಬಿಲ್ಲೆ. ಪ್ರತಿಯೊಂದಕ್ಕೂ ತನ್ನದೇ ಆದ ಗುರುತುಸಂಖ್ಯೆ. ಜೊತೆಗೆ ಅದರ ಪ್ರತಿಯೊಂದು ಒಡೆಯನ ಬಳಿ ಉಳಿಯುತ್ತದೆ. ಡಬ್ಬಿಯಲ್ಲಿ ಬಿಲ್ಲೆಯನ್ನು ಕಂಡವರು ಅದನ್ನು ಮುಂದಿನ ಡಬ್ಬಿಗೆ ಒಯ್ದು ಸಂಖ್ಯೆಯನ್ನು ದಾಖಲಿಸಬೇಕು. ಬದಲಿಗೆ ಏನನ್ನೂ ಇಡಬೇಕಿಲ್ಲ, ಆದರೆ ತಮ್ಮದಾಗಿಸಿಕೊಳ್ಳುವಂತಿಲ್ಲ. ಹಿಂದಿನ ಕಾಲದ ಅಂಚೆಯ ಹರಿಕಾರನ ಧರ್ಮವೇ ಇದು. 2021ರ ಫೆಬ್ರವರಿಯಲ್ಲಿ ಮಂಗಳನ ಮೇಲಿಳಿದ ಪರ್ಸಿವಿಯರೆನ್ಸ್ ಯಂತ್ರವೂ ಇಂಥದೊಂದು ಗುರುತುಸಂಖ್ಯೆಯನ್ನು ಹೊತ್ತೊಯ್ದಿದೆ!

ನಮ್ಮ ಮನೆಯ ಬಿಲ್ಲೆಯ ಗುರಿ ಅಷ್ಟು ದೂರವಲ್ಲ, ನಾರ್ವೆಯ ನಾರ್ಡ್‌ಕಾಪ್. ಎಂಬತ್ತು ದಾಟಿದ ನಮ್ಮ ತಾಯಿಯವರು ತೀರ್ಥಹಳ್ಳಿಯ ಕಡೆ ಭೂಗೋಳದ ಉಪಾಧ್ಯಾಯಿನಿಯಾಗಿದ್ದವರು. ಬುಗುರಿಯನ್ನು ಓರೆಯಾಗಿ ಹಿಡಿದು, ಭೂಮಿಯ ಅಕ್ಷ ಇಪ್ಪತ್ಮೂರೂವರೆ ಡಿಗ್ರಿ ವಾಲಿರುವುದರಿಂದ ಉತ್ತರದಲ್ಲಿ ಬೇಸಗೆಯ ನಡುರಾತ್ರಿಯಲ್ಲೂ ಸೂರ್ಯ ಮುಳುಗುವುದಿಲ್ಲವೆಂದು ಮಕ್ಕಳಿಗೆ ವಿವರಿಸುತ್ತಿದ್ದರು. ತಾವು ಮಾತ್ರ ಆ ಸೂರ್ಯನನ್ನು ಕಂಡವರಲ್ಲ. ವೈದ್ಯರು ಈಗ ದೂರಪ್ರಯಾಣಕ್ಕೆ ಒಪ್ಪುತ್ತಿಲ್ಲ. ನಾರ್ಡ್‌ಕಾಪ್ 71 ಡಿಗ್ರಿ 10 ಮಿನಿಟು ಉತ್ತರ ಅಕ್ಷಾಂಶದಲ್ಲಿದೆ. ಸಮುದ್ರದಿಂದ 307 ಮೀಟರ್ ಎತ್ತರದ ಆ ಬಂಡೆಯ ಮೇಲೆ ಮೇ ಮಧ್ಯದಿಂದ ಜುಲೈ ಅಂತ್ಯದವರೆಗೆ ಸೂರ್ಯಾಸ್ತವಿಲ್ಲ. (ಪಕ್ಕದ ಕ್ನಿವ್‌ಶೆಲ್ಲೊಡನ್ ಭೂಶಿರ ಇದಕ್ಕಿಂತ ತುಸು ಉತ್ತರಕ್ಕೆ ಚಾಚಿದೆಯೆಂಬುದನ್ನು ಹೇಳದೆ ಮುಂದುವರಿದರೆ ತಾಯಿಯವರು ಕ್ಷಮಿಸಲಾರರು.)

ಬಿಲ್ಲೆಗೆ ಏನನ್ನು ಕಟ್ಟಬೇಕೆಂಬುದೇ ದೊಡ್ಡ ಚರ್ಚೆಯಾಯಿತು. ಅಜ್ಜಿಯ ಕಾಲದ ಹಿತ್ತಾಳೆಯ ಕುಂಕುಮದ ಭರಣಿ ಹೋಗಲಿ ಎಂದರು ತಾಯಿಯವರು. ಕಳೆದುಹೋದರೆ ಮತ್ತೆ ದೊರೆಯದ ವಸ್ತುವನ್ನು ಈ ಆಟಕ್ಕೆ ಒಡ್ಡಲಾಗದು. ಬಿಲ್ಲೆಗಳು ಎಷ್ಟೋ ಸಲ ಯಾರದೋ ಮೇಜಿನ ಖಾನೆಯಲ್ಲಿ ಮರೆತುಹೋಗುತ್ತವೆ. ಡಬ್ಬಿಯೇ ಮಾಯವಾಗುವುದೂ ಉಂಟು. ಕೊನೆಗೆ ಚನ್ನಪಟ್ಟಣದ ಅರಗಿನ ಬಣ್ಣದ ಪುಟ್ಟ ಬುಗುರಿಯನ್ನು ಕಟ್ಟಿದೆವು. ಗುರಿಯನ್ನು ತಿಳಿಸುವ ಒಕ್ಕಣೆಯನ್ನು ನಾನು ಒಂದು ಪುಟ ಬರೆದಿದ್ದೆ. ನಡುರಾತ್ರಿಯ ಛಾಯಾಚಿತ್ರವೇ ಬೇಕು, ಜೂನ್ ತಿಂಗಳೇ ಆಗಬೇಕು ಎಂದೆಲ್ಲ ಷರತ್ತುಗಳು. ತಾಯಿಯವರು ಕೆಂಪು ಶಾಯಿಯಲ್ಲಿ ಎಲ್ಲವನ್ನೂ ಹೊಡೆದುಹಾಕಿ, "ಇದನ್ನು ಉತ್ತರಕ್ಕೆ, ನಾರ್ಡ್‌ಕಾಪ್ ವರೆಗೆ ಒಯ್ಯಿರಿ" ಎಂಬಷ್ಟನ್ನೇ ಉಳಿಸಿದರು. "ಹೊರುವವನಿಗೆ ಇಷ್ಟೊಂದು ಹೊರೆ ಹೊರಿಸಬಾರದಪ್ಪಾ" ಎಂಬುದು ಅವರ ತೀರ್ಪು. ಕಳುಹಿಸಲಿಚ್ಛಿಸುವ ಬಂಧುಗಳು ಇಷ್ಟನ್ನು ಗಮನಿಸಿದರೆ ಸಾಕು. ಜೊತೆಗೆ, ವಿಮಾನನಿಲ್ದಾಣದ ಸಮೀಪದ, ಪ್ರವಾಸಿಗರು ಹೆಚ್ಚಾಗಿ ಬಂದುಹೋಗುವ ದೊಡ್ಡ ಡಬ್ಬಿಯನ್ನು ಆರಿಸಿಕೊಳ್ಳುವುದು ಲೇಸು. ಬೆರಳುದ್ದದ ಡಬ್ಬಿಯಲ್ಲಿ ಬುಗುರಿ ಹಿಡಿಸುವುದಿಲ್ಲ.

ನಮ್ಮ ಬುಗುರಿ ಮೊದಲು ಜರ್ಮನಿಗೆ ಹಾರಿತು. ಅಲ್ಲಿಂದ ದಕ್ಷಿಣಕ್ಕೆ, ಇಟಲಿಗೆ! ಹನ್ನೊಂದು ತಿಂಗಳು ಸುದ್ದಿಯೇ ಇರಲಿಲ್ಲ. ತಾಯಿಯವರು ಕೇಳುವುದನ್ನು ಬಿಟ್ಟಿದ್ದರು, ನಾವು ಹೇಳುವುದನ್ನು ಬಿಟ್ಟಿದ್ದೆವು. ಆಮೇಲೆ ಡೆನ್ಮಾರ್ಕಿನಿಂದ ಒಂದು ದಾಖಲೆ ಬಂತು. ಕಳೆದ ಬೇಸಗೆಯಲ್ಲಿ ನಾರ್ವೆಯ ಟ್ರೋಮ್ಸೋ ನಗರದಿಂದ ಮತ್ತೊಂದು. ಅಲ್ಲಿ ಅದನ್ನು ಎತ್ತಿಕೊಂಡವರು, ಕಿಟಕಿಯ ಬಳಿ ಆಡಿಸಿದ ಬುಗುರಿಯ ಚಿತ್ರವನ್ನೂ ಕಳುಹಿಸಿದರು. ಗಡಿಯಾರ ರಾತ್ರಿ ಹನ್ನೆರಡೂಕಾಲು ತೋರಿಸುತ್ತಿದೆ, ಹೊರಗೆ ಹಗಲು. ಅಲ್ಲಿಂದ ನಾರ್ಡ್‌ಕಾಪ್‌ಗೆ ನೇರರೇಖೆಯಲ್ಲಿ ಸುಮಾರು 300 ಕಿಲೋಮೀಟರ್. ತಾಯಿಯವರು ತಮ್ಮ ಹಳೆಯ ಅಟ್ಲಾಸಿನಲ್ಲಿ ಪೆನ್ಸಿಲಿನ ಗೆರೆಯನ್ನು ಟ್ರೋಮ್ಸೋವರೆಗೆ ಎಳೆದು, ಪೆನ್ಸಿಲನ್ನು ಆ ಪುಟದಲ್ಲೇ ಇಟ್ಟಿದ್ದಾರೆ.