ಗೂಗಲಿನ ಕಣ್ಣಿಗೆ ಬೀಳದ ನಮ್ಮ ಹಪ್ಪಳದ ಅಂಗಡಿ

ಸೋದರಿಯರೇ, ಅಂಗಡಿ ಇಟ್ಟು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಗಿರಾಕಿಗಳು ಯಾಕೆ ಬರುತ್ತಿಲ್ಲವೆಂದು ಅಳುತ್ತಾ ಕೂತವರನ್ನು ಎಲ್ಲಾದರೂ ಕಂಡಿದ್ದೀರಾ? ಕಂಡಿಲ್ಲವಾದರೆ ನನ್ನನ್ನೇ ನೋಡಿ. ನಾಲ್ಕು ತಿಂಗಳು ನಾನು ಮಾಡಿದ್ದು ಇದನ್ನೇ. ನನ್ನ ಹಾಗೆ ಮನೆಯಲ್ಲೇ ಉಪ್ಪಿನಕಾಯಿ, ಪುಡಿ, ಸೀರೆ, ಕಸೂತಿ ಮಾರುವವರು ಈಗ ಊರೂರಲ್ಲೂ ಇದ್ದೀರಿ. ನಾನು ಬಿದ್ದ ಹಳ್ಳಕ್ಕೆ ನೀವು ಬೀಳಬಾರದೆಂದು ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನಮ್ಮದು ಸಾಗರದ ಹತ್ತಿರದ ಒಂದು ಹಳ್ಳಿ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಅಕ್ಕಪಕ್ಕದ ಐದು ಜನ ಹೆಂಗಸರು ಸೇರಿ ಬೇಸಿಗೆಯಲ್ಲಿ ಹಲಸಿನಕಾಯಿ ಹಪ್ಪಳ ಒತ್ತುತ್ತೇವೆ. ಜೊತೆಗೆ ಬಾಳೆಕಾಯಿ ಹಪ್ಪಳ, ಸಂಡಿಗೆ, ಅಪ್ಪೆಮಿಡಿ ಉಪ್ಪಿನಕಾಯಿ, ಸಾರಿನ ಪುಡಿ ಎಂದು ಒಟ್ಟು 23 ಬಗೆ. 2018ರಲ್ಲಿ ನನ್ನ ತಂಗಿಯ ಮಗ ಒಂದು ಸಾದಾ ವೆಬ್‌ಸೈಟ್ ಮಾಡಿಕೊಟ್ಟಿದ್ದ. ನೋಡಲು ಅಷ್ಟಕ್ಕಷ್ಟೆ. ಆದರೆ ಮಳೆಗಾಲ ಬಂತೆಂದರೆ ಬೆಂಗಳೂರು, ಮೈಸೂರು, ಮುಂಬಯಿಯಲ್ಲಿರುವ ನಮ್ಮ ಕಡೆಯವರು ಗೂಗಲಿನಲ್ಲಿ ಹುಡುಕಿ ಬಂದು ತಿಂಗಳಿಗೆ 60-70 ಆರ್ಡರ್ ಕೊಡುತ್ತಿದ್ದರು. ಆ ಹಣದಲ್ಲೇ ಹೆಂಗಸರ ಕೂಲಿ, ಮಗಳ ಕಾಲೇಜಿನ ಫೀಸು.

2024ರ ಯುಗಾದಿಗೆ ಆಸೆ ಹತ್ತಿತು. "ಎಲ್ಲರದ್ದೂ ಚಂದ ಇದೆ, ನಮ್ಮದೂ ಇರಲಿ" ಎಂದು ಪೇಟೆಯ ಒಬ್ಬರ ಕೈಲಿ ಹೊಸ ವೆಬ್‌ಸೈಟ್ ಮಾಡಿಸಿದೆ. ಏನು ಬಣ್ಣ, ಏನು ಫೋಟೋ! ಮದುವೆಮನೆಯ ಹಾಗೆ ಕಾಣುತ್ತಿತ್ತು. ಮೃಗಶಿರಾ ಮಳೆ ಹಿಡಿಯಿತು, ಆರ್ದ್ರಾ ಬಂತು. ಆರ್ಡರು ಮಾತ್ರ ಬರಲಿಲ್ಲ. ಜುಲೈ ತಿಂಗಳಿಡೀ ಬಂದದ್ದು ಎಂಟೇ ಎಂಟು! ಅಟ್ಟದ ತುಂಬಾ ಹಪ್ಪಳದ ಡಬ್ಬಿ. ಥಂಡಿ ಹಿಡಿದರೆ ಬೂಷ್ಟು ಬರುವುದು ನಿಮಗೆ ಗೊತ್ತೇ ಇದೆ. "ಅಕ್ಕಾ, ಈ ವಾರನಾದ್ರೂ ಸ್ವಲ್ಪ ದುಡ್ಡು ಆಗ್ತದಾ?" ಎಂದು ಹಪ್ಪಳ ಒತ್ತಿದವರು ಕೇಳಿದರೆ ನನಗೆ ತಲೆ ಎತ್ತಲು ಆಗುತ್ತಿರಲಿಲ್ಲ.

ಅದೇ ಹೊತ್ತಿಗೆ ಒಬ್ಬನ ಫೋನು. "ಮೇಡಂ, ಹದಿನೈದೇ ದಿನ. ಗೂಗಲಿನಲ್ಲಿ ಮೊದಲನೇ ಜಾಗ. ಗ್ಯಾರಂಟಿ!" ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಮಗಳ ಫೀಸಿಗೆಂದು ತೆಗೆದಿಟ್ಟಿದ್ದ 18,000 ರೂಪಾಯಿಯನ್ನು ನಮ್ಮನೆಯವರಿಗೆ ಹೇಳದೇ ಕಳಿಸಿಬಿಟ್ಟೆ. ಹದಿನೈದು ದಿನವಾಯಿತು, ಇಪ್ಪತ್ತಾಯಿತು. ಬರುತ್ತಿದ್ದ ಒಂದೆರಡು ಆರ್ಡರೂ ನಿಂತವು. ಆಮೇಲೆ ಅವನು ಫೋನನ್ನೇ ಎತ್ತಲಿಲ್ಲ.

ಮೊದಲ ಜಾಗ ಕೊಡಿಸುತ್ತೇನೆಂದು ಯಾರೂ ಭರವಸೆ ಕೊಡಲಾಗದು ಎಂದು ಗೂಗಲಿನವರೇ ತಮ್ಮ ಸೂಚನೆಗಳಲ್ಲಿ ಬರೆದಿದ್ದಾರಂತೆ. ದುಡ್ಡು ಕೊಟ್ಟು ಜಾಹೀರಾತು ಹಾಕಿಸಬಹುದು. ಅದು ಬೇರೆ, ಅದರ ಮೇಲೆ ಜಾಹೀರಾತೆಂದು ಬರೆದೇ ಇರುತ್ತದೆ. ಹುಡುಕಾಟದ ಪಟ್ಟಿಯಲ್ಲಿ ಮೇಲೇರಿಸಲು ಗೂಗಲ್ ದುಡ್ಡು ತೆಗೆದುಕೊಳ್ಳುವುದಿಲ್ಲ. ಇದನ್ನು ನಾನು ಮೊದಲೇ ತಿಳಿದಿದ್ದರೆ!

ಜನಗಣತಿಯ ಮೇಷ್ಟ್ರು

ನಾಗರಪಂಚಮಿಗೆ ತಂಗಿಯ ಮಗ ಬಂದ. ಅವನ ಮುಂದೆ ಅತ್ತೂ ಅತ್ತೂ ಎಲ್ಲ ಹೇಳಿದೆ. "ದೊಡ್ಡಮ್ಮ, ಅಳಬೇಡಿ. ಇಡ್ಲಿ ಉಬ್ಬದಿದ್ದರೆ ಏನು ಮಾಡ್ತೀರಿ? ಹಿಟ್ಟು ಹುಳಿ ಬಂದಿತ್ತಾ, ನೀರು ಹೆಚ್ಚಾಯ್ತಾ, ಒಂದೊಂದೇ ನೋಡಲ್ವಾ? ಇದೂ ಹಾಗೇ" ಎಂದ.

ಅವನು ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಗೂಗಲ್ ಅಂದರೆ ಜನಗಣತಿಗೆ ಬರುವ ಮೇಷ್ಟ್ರ ಹಾಗೆ. ಮೊದಲು ಮನೆಮನೆಗೆ ಹೋಗುವುದು. ಎರಡನೆಯದು, ಕಂಡದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದು. ಮೂರನೆಯದು, ಯಾರಾದರೂ ಕೇಳಿದಾಗ ಪುಸ್ತಕ ನೋಡಿ "ಇಂಥವರ ಮನೆಗೆ ಹೋಗಿ" ಎನ್ನುವುದು. ಪುಸ್ತಕದಲ್ಲಿ ಹೆಸರೇ ಇಲ್ಲದಿದ್ದರೆ ಮೊದಲ ಜಾಗ ಎಲ್ಲಿಂದ ಬರಬೇಕು? ಆದ್ದರಿಂದ ಮೇಲೇರುವ ಮಾತು ಆಮೇಲೆ, ಪುಸ್ತಕದಲ್ಲಿದ್ದೇವಾ ಎಂಬುದು ಮೊದಲು.

ಅದನ್ನು ನೋಡುವುದು ಬಲು ಸುಲಭ. ಗೂಗಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ 'ಸೈಟ್' ಎಂದು ಬರೆದು, ಒಂದರ ಮೇಲೊಂದು ಎರಡು ಚುಕ್ಕೆ ಇಟ್ಟು, ಜಾಗ ಬಿಡದೆ ನಿಮ್ಮ ವೆಬ್‌ಸೈಟಿನ ವಿಳಾಸ ಬರೆಯಿರಿ. ಗೂಗಲಿಗೆ ಗೊತ್ತಿರುವ ನಿಮ್ಮ ಪುಟಗಳು ಸುಮಾರಾಗಿ ಕಾಣುತ್ತವೆ. ನಮ್ಮದು ಬರೆದರೆ ಬಂದದ್ದು ಹಳೆಯ ಎರಡು ಪುಟ. ಅವನ್ನು ಒತ್ತಿದರೆ 'ಪುಟ ಇಲ್ಲ' ಎಂದು ಬಂತು! 23 ಬಗೆಯಲ್ಲಿ ಒಂದೂ ಇಲ್ಲ.

ಸರಿಯಾದ ಲೆಕ್ಕ ಸಿಗುವುದು ಸರ್ಚ್ ಕನ್ಸೋಲ್ ಎಂಬಲ್ಲಿ. ಇದು ಗೂಗಲಿನದೇ, ಪುಕ್ಕಟೆ. ವೆಬ್‌ಸೈಟ್ ನಮ್ಮದೇ ಎಂದು ಒಮ್ಮೆ ರುಜುವಾತು ಮಾಡಿದರೆ ಸಾಕು. ಯಾವ ಪುಟ ಪುಸ್ತಕ ಸೇರಿದೆ, ಯಾವುದು ಸೇರಿಲ್ಲ, ಯಾಕೆ ಸೇರಿಲ್ಲ ಎಂದು ಆಸ್ಪತ್ರೆಯ ಚೀಟಿಯ ಹಾಗೆ ಬರೆದಿರುತ್ತದೆ. ನಮ್ಮ ಕಾಯಿಲೆ ಮೂರು ಕಂಡವು.

ಒಳಗೆ ಚೀಟಿ, ಹೊರಗೆ ಬೀಗ

ಮೊದಲನೆಯದು 'ನೋಇಂಡೆಕ್ಸ್'. ವೆಬ್‌ಸೈಟ್ ತಯಾರಾಗುತ್ತಿರುವಾಗ ಅರೆಬರೆ ಪುಟ ಲೋಕಕ್ಕೆ ಕಾಣಬಾರದೆಂದು "ನಮ್ಮನ್ನು ಪುಸ್ತಕದಲ್ಲಿ ಬರೆಯಬೇಡಿ" ಎಂಬ ಚೀಟಿ ಅಂಟಿಸುತ್ತಾರೆ. ವರ್ಡ್‌ಪ್ರೆಸ್‌ನಲ್ಲಿ ಇದಕ್ಕೆ 'ರೀಡಿಂಗ್' ಎಂಬ ಸೆಟ್ಟಿಂಗಿನಲ್ಲಿ ಒಂದು ಚಿಕ್ಕ ಚೌಕ ಇದೆ. ಅಲ್ಲಿ ಟಿಕ್ ಹಾಕಿದರೆ ಚೀಟಿ ಎಲ್ಲ ಪುಟಕ್ಕೂ ಅಂಟಿತು. ಕೆಲಸ ಮುಗಿದ ಮೇಲೆ ತೆಗೆಯಬೇಕು. ನಮ್ಮದನ್ನು ಮಾಡಿದವರು ಮರೆತಿದ್ದರು! ಗೂಗಲ್ ಬಂತು, ಚೀಟಿ ಓದಿತು, ಮರ್ಯಾದೆಯಿಂದ ನಮ್ಮ ಹೆಸರು ಹೊಡೆದುಹಾಕಿತು. ಒಂದು ಟಿಕ್ಕು, ನಾಲ್ಕು ತಿಂಗಳ ಅನ್ನ.

"ಸರಿ, ಟಿಕ್ ತೆಗೆದರೆ ಮುಗೀತಲ್ಲ?" ಎಂದೆ ನಾನು. ಮುಗಿಯಲಿಲ್ಲ. 18,000 ತೆಗೆದುಕೊಂಡ ಮಹಾಶಯ ಇನ್ನೊಂದು ಉಪಕಾರ ಮಾಡಿದ್ದ. ಅದೇ ಎರಡನೆಯ ಕಾಯಿಲೆ.

ನಮ್ಮ ಅಂಗಡಿಯಲ್ಲಿ ಒಂದೇ ಹಪ್ಪಳಕ್ಕೆ ಕಾಲು ಕೆಜಿ, ಅರ್ಧ ಕೆಜಿ, ಒಂದು ಕೆಜಿ ಎಂದು ಆಯ್ಕೆ. ಬೆಲೆ ಪ್ರಕಾರ ಜೋಡಿಸು, ಹೊಸದು ಮೊದಲು ತೋರಿಸು ಎಂದೂ ಇದೆ. ಒತ್ತಿದಾಗಲೆಲ್ಲ ವಿಳಾಸದ ಬಾಲಕ್ಕೆ ಏನೋ ಅಕ್ಷರ ಸೇರಿ ಹೊಸ ವಿಳಾಸ ಆಗುತ್ತದೆ. ಹೀಗೆ 23 ಪದಾರ್ಥಕ್ಕೆ ನೂರಾರು ವಿಳಾಸ! ಗೂಗಲಿಗೆ ಯಾವುದು ಅಸಲು ಎಂಬ ಗೊಂದಲ. ಅದನ್ನು ತಡೆಯುತ್ತೇನೆಂದು ಅವನು 'ರೋಬೋಟ್ಸ್' ಎಂಬ ಕಡತದಲ್ಲಿ ಇಡೀ ಅಂಗಡಿಯ ವಿಭಾಗಕ್ಕೇ "ಪ್ರವೇಶವಿಲ್ಲ" ಎಂದು ಬರೆದಿದ್ದ. ಜಿರಲೆ ಬಂತೆಂದು ಅಡುಗೆಮನೆಗೇ ಬೀಗ ಹಾಕಿದ ಹಾಗೆ!

ಇಲ್ಲೊಂದು ಸೂಕ್ಷ್ಮ ಇದೆ, ಗಮನವಿಟ್ಟು ಕೇಳಿ. ನೋಇಂಡೆಕ್ಸ್ ಅನ್ನುವುದು ಮನೆಯ ಒಳಗೋಡೆಯ ಮೇಲಿನ ಚೀಟಿ. ರೋಬೋಟ್ಸ್ ಕಡತ ಅನ್ನುವುದು ಗೇಟಿನ ಬೀಗ. ಗೇಟಿಗೆ ಬೀಗ ಇದ್ದರೆ, ಒಳಗಿನ ಚೀಟಿ ಇದೆಯೋ ಕಿತ್ತಿದ್ದೇವೋ ಬಂದವರಿಗೆ ಗೊತ್ತಾಗುವುದು ಹೇಗೆ? ಆದ್ದರಿಂದ ಚೀಟಿ ಕಿತ್ತರೂ ಬೀಗ ತೆಗೆಯುವ ತನಕ ಪ್ರಯೋಜನವಿಲ್ಲ. ಎರಡನ್ನೂ ತೆಗೆಯಬೇಕು. ನಿಮ್ಮದೊಂದು ಪುಟ ಗೂಗಲಿನಲ್ಲಿ ಬರಬಾರದು ಎಂದಿದ್ದರೂ ಇದೇ ಮಾತು: ಚೀಟಿ ಅಂಟಿಸಿ, ಗೇಟು ಮಾತ್ರ ತೆರೆದಿಡಿ. ಬೀಗ ಹಾಕಿದರೆ ಚೀಟಿ ಓದಲಾಗದೆ, ಬೇರೆಯವರು ಕೊಟ್ಟ ಕೊಂಡಿಯಿಂದ ಆ ವಿಳಾಸ ಪುಸ್ತಕ ಸೇರಿದರೂ ಸೇರೀತು.

ಹಾಗಾದರೆ ನೂರಾರು ವಿಳಾಸದ ಗೊಂದಲಕ್ಕೆ ಮದ್ದೇನು? ಅದಕ್ಕೆ 'ಕೆನಾನಿಕಲ್' ಎಂಬ ಗುರುತು. ಬಾಲ ಬೆಳೆದ ಪ್ರತಿ ಪುಟದಲ್ಲೂ "ಅಸಲು ಪುಟ ಇಂಥದು" ಎಂದು ಬರೆದಿಡುವುದು. ಗೂಗಲ್ ಇದನ್ನು ಆಜ್ಞೆಯೆಂದು ತಿಳಿಯುವುದಿಲ್ಲ, ಸಲಹೆಯೆಂದು ತಿಳಿಯುತ್ತದೆ. ಆದ್ದರಿಂದ ನಮ್ಮ ಮಾತೂ ಕೃತಿಯೂ ಒಂದೇ ಇರಬೇಕು. ಮುಖಪುಟದಿಂದ ಕೊಡುವ ಕೊಂಡಿ, ಸೈಟ್‌ಮ್ಯಾಪ್ ಎಂಬ ಪಟ್ಟಿ, ಎಲ್ಲದರಲ್ಲೂ ಅದೇ ಅಸಲು ವಿಳಾಸ ಇಟ್ಟೆವು.

ಮನೆ ಬದಲಿಸಿ ಅಂಚೆಯವರಿಗೆ ಹೇಳದಿದ್ದರೆ?

ಮೂರನೆಯ ಕಾಯಿಲೆ ನಮ್ಮದೇ ಅಜ್ಞಾನ. ಹಳೆಯ ವೆಬ್‌ಸೈಟಿನ ಪುಟಗಳ ವಿಳಾಸ ಒಂದು ಬಗೆ, ಹೊಸದರದ್ದು ಇನ್ನೊಂದು ಬಗೆ. ಹಳೆಯ ವಿಳಾಸಕ್ಕೆ ಹೋದವರಿಗೆ '404' ಎಂಬ ಅಂಕೆ, ಅಂದರೆ ಪುಟ ಸಿಗಲಿಲ್ಲ ಎಂದರ್ಥ.

ಇದರಿಂದ ಏನು ನಷ್ಟ ಅಂತೀರಾ? ಒಂದು ದಿನಪತ್ರಿಕೆಯವರು ಹಿಂದೆ ನಮ್ಮ ಹಪ್ಪಳದ ಬಗ್ಗೆ ಬರೆದು, ತಮ್ಮ ವೆಬ್‌ಸೈಟಿನಲ್ಲಿ ನಮ್ಮ ಪುಟದ ಕೊಂಡಿ ಕೊಟ್ಟಿದ್ದರು. ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್ ಎಂಬ ಇಬ್ಬರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಹುಟ್ಟಿದ ಒಂದು ಯೋಚನೆ ಗೂಗಲಿನ ಬುನಾದಿ. 1998ರಲ್ಲಿ ಅವರು ಕಂಪನಿ ಕಟ್ಟಿದರು. ಯೋಚನೆ ಏನೆಂದರೆ, ಒಂದು ಪುಟಕ್ಕೆ ಬೇರೆಯವರು ಕೊಟ್ಟ ಕೊಂಡಿಯೇ ಅದಕ್ಕೆ ಶಿಫಾರಸು, ಕೊಟ್ಟವರು ದೊಡ್ಡವರಾದಷ್ಟೂ ಶಿಫಾರಸಿಗೆ ತೂಕ. ನಾವು ಹೆಣ್ಣು ಕೊಡುವಾಗ ಗಂಡಿನ ಮನೆಯ ಬಗ್ಗೆ ಊರಲ್ಲಿ ನಾಲ್ಕು ಜನರನ್ನು ವಿಚಾರಿಸುವುದಿಲ್ಲವೇ? ಹಾಗೆ. ಈಗ ಗೂಗಲ್ ಇನ್ನೂ ಎಷ್ಟೋ ಸಂಗತಿ ನೋಡುತ್ತದೆ, ಆದರೂ ಶಿಫಾರಸಿಗೆ ಬೆಲೆ ಇದ್ದೇ ಇದೆ. ನಮ್ಮ ಶಿಫಾರಸು ಪತ್ರ ಮಾತ್ರ ಖಾಲಿ ಮನೆಗೆ ಹೋಗಿ ಬೀಳುತ್ತಿತ್ತು.

ಮದ್ದು '301' ಎಂಬ ತಿರುಗುದಾರಿ. ಮನೆ ಬದಲಿಸಿದಾಗ "ನಮ್ಮ ಕಾಗದ ಇಲ್ಲಿಗೆ ಕಳಿಸಿ" ಎಂದು ಅಂಚೆ ಕಚೇರಿಗೆ ಬರೆದುಕೊಟ್ಟ ಹಾಗೆ. "ಎಲ್ಲಾ ಹಳೇದನ್ನೂ ಮುಖಪುಟಕ್ಕೆ ತಿರುಗಿಸಿಬಿಡೋ ಮಾರಾಯ, ಬೇಗ ಆಗ್ತದೆ" ಎಂದೆ. "ಹಾಗೆ ಮಾಡಬಾರದು ದೊಡ್ಡಮ್ಮ. ಹಪ್ಪಳ ಕೇಳಿದವರಿಗೆ ಹಪ್ಪಳದ ಪುಟವೇ ಸಿಗಬೇಕು. ಇಲ್ಲದಿದ್ದರೆ ಗೂಗಲ್ ಅದನ್ನೂ 404 ಎಂದೇ ಎಣಿಸಬಹುದು" ಎಂದ. ನಾನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಎಡಕ್ಕೆ ಹಳೆ ವಿಳಾಸ, ಬಲಕ್ಕೆ ಹೊಸ ವಿಳಾಸ ಬರೆದೆ. ಅವನು ಒಂದೊಂದಾಗಿ ಜೋಡಿಸಿದ. ರಾತ್ರಿ ಎರಡು ಗಂಟೆಯಾಯಿತು. ಈ ದಾರಿಯನ್ನು ಕನಿಷ್ಠ ಒಂದು ವರ್ಷ ಇಡಬೇಕೆಂದು ಗೂಗಲ್ ಹೇಳುತ್ತದೆ. ನಾವು ತೆಗೆಯುವುದೇ ಇಲ್ಲ.

ಅಷ್ಟರಲ್ಲಿ ಇನ್ನೊಂದು ಭಯ. ಆ ಮಹಾಶಯ ಶಿಫಾರಸಿನ ಹೆಸರಲ್ಲಿ ಯಾವ್ಯಾವುದೋ ಜೂಜಿನ, ಸಾಲದ ವೆಬ್‌ಸೈಟುಗಳಿಂದ ನಮಗೆ ಕೊಂಡಿ ಹಾಕಿಸಿದ್ದ. ಮೇಲೇರಲೆಂದು ಕೊಂಡಿ ಕೊಳ್ಳುವುದು ಗೂಗಲಿನ ನಿಯಮಕ್ಕೆ ವಿರುದ್ಧ. ದಂಡನೆ ಆಗಿದ್ದರೆ ಸರ್ಚ್ ಕನ್ಸೋಲಿನ 'ಮ್ಯಾನ್ಯುಯಲ್ ಆಕ್ಷನ್ಸ್' ಎಂಬಲ್ಲಿ ಬರೆದಿರುತ್ತದೆ. ದೇವರ ದಯೆ, ನಮಗೆ ಆಗಿರಲಿಲ್ಲ. ಆಗಿದ್ದರೆ ಆ ಕೊಂಡಿ ತೆಗೆಸಿ, ತಪ್ಪೊಪ್ಪಿ, ಮರುಪರಿಶೀಲನೆಗೆ ಅರ್ಜಿ ಹಾಕಬೇಕಿತ್ತು.

ಉಪ್ಪು, ಹುಳಿ, ಒಗ್ಗರಣೆ

ಇಷ್ಟಾದ ಮೇಲೆ ರುಚಿಯ ಕೆಲಸ. ನಮ್ಮ ಒಂದೊಂದು ಫೋಟೋ ನಾಲ್ಕು ಎಂಬಿ ಭಾರ! ಹಳ್ಳಿಯ ಸಿಗ್ನಲ್‌ನಲ್ಲಿ ಪುಟ ತೆರೆಯುವಷ್ಟರಲ್ಲಿ ಸಾರು ಕುದಿಯುತ್ತಿತ್ತು. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲಿನ ಅಳತೆ. ಗೂಗಲ್ ಈಗ ಲೆಕ್ಕಕ್ಕೆ ತೆಗೆದುಕೊಳ್ಳುವುದು ಮೊಬೈಲಿನಲ್ಲಿ ಕಾಣುವ ಪುಟವನ್ನೇ. ಫೋಟೋಗಳನ್ನು ಕಿರಿದು ಮಾಡಿದೆವು.

ಹಪ್ಪಳದ ಹೆಸರು, ಬೆಲೆ ಎಲ್ಲ ಫೋಟೋದ ಒಳಗೇ ಬರೆದಿತ್ತು. ಅವನ್ನು ಹೊರಗೆ ಅಕ್ಷರದಲ್ಲಿ ಬರೆದು, ಪ್ರತಿ ಫೋಟೋಕ್ಕೂ ಒಂದು ಸಾಲಿನ ವಿವರಣೆ ಸೇರಿಸಿದೆ. ಸರ್ಚ್ ಕನ್ಸೋಲಿನಲ್ಲಿ ಜನ ಏನೆಂದು ಹುಡುಕಿ ಬಂದರೆಂಬ ಹಳೆಯ ಪಟ್ಟಿಯೂ ಇತ್ತು. ಕೆಲವರು ಕನ್ನಡದಲ್ಲಿ 'ಹಲಸಿನ ಹಪ್ಪಳ', ಹೆಚ್ಚಿನವರು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಇನ್ನು ಕೆಲವರು 'ಜ್ಯಾಕ್‌ಫ್ರೂಟ್ ಪಾಪಡ್' ಎಂದು ಬರೆದಿದ್ದರು. ಮೂರನ್ನೂ ಮಾತಿನ ನಡುವೆ ಸಹಜವಾಗಿ ಸೇರಿಸಿದೆ. ಒಂದೇ ಪದವನ್ನು ಇಪ್ಪತ್ತು ಸಲ ತುರುಕಬಾರದು, ಉಪ್ಪು ಹೆಚ್ಚಾದ ಸಾರಿನ ಹಾಗಾಗುತ್ತದೆ. ಎಲ್ಲಿಂದಲೋ ನಕಲು ಮಾಡಿದ ವಿವರಣೆ ತೆಗೆದು, ಎಂಥಾ ಕಾಯಿ ಆರಿಸುತ್ತೇವೆ, ಎಷ್ಟು ಬೇಯಿಸುತ್ತೇವೆ, ಮಳೆಗಾಲದಲ್ಲಿ ಹೇಗೆ ಇಡಬೇಕು ಎಂದು ನನ್ನ ಮಾತಲ್ಲೇ ಬರೆದೆ.

ಫಲ

ಕೊನೆಗೆ ಸರ್ಚ್ ಕನ್ಸೋಲಿನಲ್ಲಿ ಸೈಟ್‌ಮ್ಯಾಪ್ ಕೊಟ್ಟು, ಮುಖ್ಯ ಪುಟಗಳನ್ನು ಮತ್ತೆ ನೋಡಿರೆಂದು ಕೋರಿದೆವು. ಹತ್ತು ದಿನ ಏನೂ ಇಲ್ಲ. ಹನ್ನೊಂದನೆಯ ದಿನ ಪಟ್ಟಿಯಲ್ಲಿ ಮೂರು ಪುಟ ಕಂಡವು. ಗಣೇಶನ ಹಬ್ಬದ ಹೊತ್ತಿಗೆ ಬಹುಪಾಲು ಬಂದವು. ನವರಾತ್ರಿಯ ತಿಂಗಳಲ್ಲಿ 40 ಆರ್ಡರು. ಹಳೆಯ ಲೆಕ್ಕಕ್ಕೆ ಮರಳಿದ್ದು 2025ರ ಮಳೆಗಾಲದಲ್ಲೇ. ಎರಡು ಡಬ್ಬಿ ಹಪ್ಪಳ ಬೂಷ್ಟು ಹಿಡಿದು ತಿಪ್ಪೆಗೆ ಹೋಯಿತು. ಹೋದ 18,000 ಹೋಯಿತು.

ನಮ್ಮನೆಯವರಿಗೆ ಹೇಳಿದೆ, ಹೇಳದೆ ನಿದ್ದೆ ಬರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ದುಡ್ಡು ಹೋದದ್ದಕ್ಕಲ್ಲ ಕಣೇ, ಒಬ್ಳೇ ಇಟ್ಕೊಂಡು ಕೊರಗಿದ್ಯಲ್ಲ" ಎಂದರು. ಅಡಿಕೆ ವ್ಯಾಪಾರಿಯಿಂದ ಮುಂಗಡ ತಂದು ಮಗಳ ಫೀಸು ಕಟ್ಟಿದರು. ಹೆಂಗಸರ ಬಾಕಿಯನ್ನು ದೀಪಾವಳಿಗೆ ಮುಂಚೆ ತೀರಿಸಿದೆ.

ಇದನ್ನು ಕತ್ತರಿಸಿ ಇಟ್ಟುಕೊಳ್ಳಿ

* ಹೊಸ ವೆಬ್‌ಸೈಟ್ ಮಾಡಿಸಿದ ದಿನವೇ ನೋಇಂಡೆಕ್ಸ್ ಚೀಟಿ, ರೋಬೋಟ್ಸ್ ಬೀಗ ಎರಡನ್ನೂ ನೋಡಿ.
* ಹಳೆಯ ವಿಳಾಸಗಳ ಪಟ್ಟಿ ಮಾಡಿಕೊಳ್ಳದೆ ಹಳೆಯದನ್ನು ಅಳಿಸಲು ಬಿಡಬೇಡಿ. ಒಂದಕ್ಕೊಂದು 301 ಹಾಕಿಸಿ.
* ಒಂದೇ ಪದಾರ್ಥಕ್ಕೆ ಹಲವು ವಿಳಾಸ ಇದ್ದರೆ ಕೆನಾನಿಕಲ್ ಹಾಕಿಸಿ, ಬೀಗ ಹಾಕಿಸಬೇಡಿ.
* ಸರ್ಚ್ ಕನ್ಸೋಲಿನ ಯಜಮಾನಿಕೆ ನಿಮ್ಮ ಹೆಸರಲ್ಲೇ ಇರಲಿ. ವಾರಕ್ಕೊಮ್ಮೆ ಕಣ್ಣಾಡಿಸಿ.
* ಮೊದಲ ಜಾಗದ ಗ್ಯಾರಂಟಿ ಕೊಡುವವರಿಗೆ ಕೈಮುಗಿದು ಫೋನ್ ಇಡಿ.

ಈಗ ಪ್ರತಿ ಸೋಮವಾರ ಬೆಳಗಿನ ತಿಂಡಿ ಮುಗಿಸಿ, ಕಾಫಿ ಲೋಟ ಹಿಡಿದು ನಾನೇ ಆ ಪಟ್ಟಿ ನೋಡುತ್ತೇನೆ. ಮನೆಬಾಗಿಲು ತೆರೆದಿದೆಯೋ ಇಲ್ಲವೋ ನೋಡಲು ಮನೆಯಾಕೆಗಿಂತ ಬೇರೆ ಪಂಡಿತರು ಬೇಕೇ? ನೀವೇ ಹೇಳಿ.