ಮೂತ್ರವೇ ಬಾವಿ

ನೆಲದಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕುಡಿಯುವ ನೀರನ್ನೂ ರಾಕೆಟ್ಟಿನಲ್ಲೇ ಹೊತ್ತು ಸಾಗಿಸಬೇಕು. ಕೊಡ ನೀರಿಗೂ ಭಾರಿ ಇಂಧನ ಸುಡುತ್ತದೆ. ಹಾಗಾಗಿ ಅಲ್ಲಿರುವವರಿಗೆ ಹತ್ತಿರದ ಬಾವಿಯೆಂದರೆ ಅವರ ಮೈಯೇ: ಮೂತ್ರ, ಬೆವರು, ಉಸಿರಿನ ತೇವ.

2008ರ ನವೆಂಬರಿನಲ್ಲಿ ಎಂಡೆವರ್ ನೌಕೆ ಮೂತ್ರ ಶೋಧಿಸುವ ಯಂತ್ರವನ್ನು ಮೇಲಕ್ಕೆ ಒಯ್ದಿತು. ಕೆಲಸ ಭಟ್ಟಿ ಇಳಿಸುವುದೇ. ಆದರೆ ತೂಕವಿಲ್ಲದ ಕಡೆ ದ್ರವ ತಳದಲ್ಲಿ ನಿಲ್ಲದು, ಆವಿ ಮೇಲೇಳದು. ಅದಕ್ಕೆ ಡ್ರಮ್ಮನ್ನು ಗಿರಗಿರನೆ ತಿರುಗಿಸುತ್ತಾರೆ. ಮೂತ್ರ ಅದರ ಗೋಡೆಗೆ ತೆಳುವಾಗಿ ಹರಡಿಕೊಳ್ಳುತ್ತದೆ. ಒಳಗಿನ ಒತ್ತಡ ತಗ್ಗಿಸಿರುವುದರಿಂದ ಕಡಿಮೆ ಬಿಸಿಗೇ ಆವಿಯಾಗುತ್ತದೆ. 2009ರ ಮೇ ತಿಂಗಳಲ್ಲಿ ನಿಲ್ದಾಣದಲ್ಲಿದ್ದ ಗಗನಯಾತ್ರಿಗಳಾದ ಪಡಾಲ್ಕಾ, ಬ್ಯಾರಟ್, ವಕಾಟಾ ಮೂವರೂ ಒಟ್ಟಿಗೆ ಆ ನೀರು ಕುಡಿದು ಸಂಭ್ರಮಿಸಿದರು.

ಅದೇ ವರ್ಷ ಯಂತ್ರ ಕಟ್ಟಿಕೊಂಡಿತು. ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿ ಚಕ್ಕೆ ಕೂರುತ್ತದಲ್ಲ, ಅಂಥದೇ ಚಕ್ಕೆ ಒಳಗೆಲ್ಲ ಕೂತಿತ್ತು. ಯಂತ್ರದೊಳಗಿನದು ಕ್ಯಾಲ್ಸಿಯಂ ಸಲ್ಫೇಟ್, ಅಂದರೆ ಜಿಪ್ಸಂ ಜಾತಿಯದು. ಮೂತ್ರ ಕೆಡದಿರಲೆಂದು ಬೆರೆಸುತ್ತಿದ್ದ ಗಂಧಕಾಮ್ಲದಿಂದ ಸಲ್ಫೇಟ್ ಬಂದಿತ್ತು. ಅಷ್ಟೊಂದು ಕ್ಯಾಲ್ಸಿಯಂ ಎಲ್ಲಿಂದ? ಗಗನಯಾತ್ರಿಗಳ ಮೂಳೆಯಿಂದ! ಭಾರ ಹೊರುವ ಕೆಲಸವಿಲ್ಲದೆ ಮೂಳೆ ಸವೆಯುತ್ತದೆ, ಸವೆದದ್ದು ಮೂತ್ರಕ್ಕೆ ಇಳಿಯುತ್ತದೆ. ನೆಲದ ಮೇಲಿನ ಪರೀಕ್ಷೆಗೆ ಬಳಸಿದ್ದು ನೆಲದ ಮೇಲೆ ಓಡಾಡುವವರ ಮೂತ್ರ, ಹಾಗಾಗಿ ಇಷ್ಟೊಂದು ಕ್ಯಾಲ್ಸಿಯಂ ಅದರಲ್ಲಿರಲಿಲ್ಲ. ಈ ಇಡೀ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಕೊಳವೆ ರಿಪೇರಿಗೆ ಹೊರಟವರು ಮನುಷ್ಯನ ಎಲುಬಿನವರೆಗೆ ಹೋಗಬೇಕಾಯಿತು.

ನೂರು ಲೀಟರ್ ಮೂತ್ರಕ್ಕೆ 85 ಲೀಟರ್ ನೀರು ಸಿಗಬೇಕಿದ್ದ ಕಡೆ 75ರ ಆಸುಪಾಸಿಗೆ ತೃಪ್ತಿಪಡಬೇಕಾಯಿತು. ಮುಂದೆ ಗಂಧಕಾಮ್ಲ ಬಿಟ್ಟು ಫಾಸ್ಫಾರಿಕ್ ಆಮ್ಲ ಬೆರೆಸಿದ ಮೇಲೆ ಚಕ್ಕೆಯ ಕಾಟ ತಗ್ಗಿತು. ಕೊನೆಗೆ ಉಳಿಯುವ ಗಟ್ಟಿ ಉಪ್ಪುನೀರಿನ ಮೇಲೂ ಬೆಚ್ಚಗಿನ ಒಣಗಾಳಿ ಹಾಯಿಸಿ ತೇವ ಹೀರುವ ಏರ್ಪಾಟಾಯಿತು. 2023ರಲ್ಲಿ ನಿಲ್ದಾಣದ ಒಟ್ಟು ನೀರಿನ ಮರುಗಳಿಕೆ ಶೇ 98 ಮುಟ್ಟಿತು.

ದೂರ ಹೋದಷ್ಟೂ ಅಲ್ಲಿನದನ್ನೇ ದುಡಿಸಿಕೊಳ್ಳಬೇಕು. ಮಂಗಳನ ಗಾಳಿಯಲ್ಲಿ ಶೇ 95ರಷ್ಟು ಇಂಗಾಲದ ಡೈಆಕ್ಸೈಡ್. ಪರ್ಸಿವಿಯರೆನ್ಸ್ ರೋವರ್‌ನಲ್ಲಿದ್ದ ಮಾಕ್ಸಿ ಎಂಬ ಪೆಟ್ಟಿಗೆ ಅದನ್ನು ಸುಮಾರು 800 ಡಿಗ್ರಿಯಲ್ಲಿ ಒಡೆದು, 2021ರಿಂದ 2023ರವರೆಗೆ 16 ಸಲ ದುಡಿದು, 122 ಗ್ರಾಂ ಆಮ್ಲಜನಕ ತೆಗೆಯಿತು. ಒಬ್ಬರಿಗೆ ಒಂದು ದಿನಕ್ಕೂ ಸಾಲದಷ್ಟು, ನಿಜ. ಆದರೂ ಬೇರೊಂದು ಗ್ರಹದ ಗಾಳಿಯಿಂದ ಮನುಷ್ಯ ತೆಗೆದ ಮೊದಲ ಉಸಿರು ಅದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೊ ಸಂಶೋಧಕರು ಚಂದ್ರನಲ್ಲಿ ಅಲ್ಲಿನದೇ ಮಣ್ಣಿನಿಂದ ಮನೆ ಕಟ್ಟುವ ಇಟ್ಟಿಗೆಯ ಕೆಲಸ ಹಿಡಿದರು. 2020ರಲ್ಲಿ ಹೊರಬಂದ ಅವರ ಪ್ರಯೋಗದ ಮುಖ್ಯ ಸಾಮಾನು ಇಷ್ಟು: ಚಂದ್ರನ ಮಣ್ಣನ್ನು ಹೋಲುವ ಕೃತಕ ಮಣ್ಣು, ಒಂದು ಬ್ಯಾಕ್ಟೀರಿಯಾ, ಗೋರಿಕಾಯಿ ಬೀಜದ ಅಂಟು, ಯೂರಿಯಾ. ಯೂರಿಯಾ ಮೂತ್ರದಿಂದಲೇ ಸಿಗುವಂಥದು. ಬ್ಯಾಕ್ಟೀರಿಯಾ ಅದನ್ನು ಒಡೆದಾಗ ಹುಟ್ಟುವ ಕಾರ್ಬೊನೇಟ್ ಕ್ಯಾಲ್ಸಿಯಂ ಜೊತೆ ಕೂಡಿ ಹರಳುಗಟ್ಟಿ, ಮಣ್ಣಿನ ಕಣಗಳನ್ನು ಬಿಗಿಯುತ್ತದೆ. ನಿಲ್ದಾಣದ ಯಂತ್ರ ಕಟ್ಟಿಕೊಳ್ಳುವಂತೆ ಮಾಡಿದ್ದ ಅದೇ ಕ್ಯಾಲ್ಸಿಯಂ ಇಲ್ಲಿ ಗಾರೆ.