12 ಬೋರ್ ಕೋವಿಗೆ 20ರ ತೋಟೆ: ನಳಿಗೆ ಸೀಳೋದು ಹೀಗೆ

ಕೊಡಗು, ಮಲೆನಾಡಿನ ಮನೆಗಳಿಗೆ 12 ಬೋರ್ ತೋಟೆ ಕೋವಿ ಹೊಸದಲ್ಲ. ಬೋರ್ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಕಿರಿದು: 12ರದ್ದು ಸುಮಾರು 18.5 ಮಿ.ಮೀ., 20ರದ್ದು 15.6. ಹಾಗಾಗಿ ಅವಸರದಲ್ಲಿ 12ರ ಕೋವಿಗೆ 20ರ ತೋಟೆ ಹಾಕಿದರೆ ಅದು ಮುಂದಕ್ಕೆ ಜಾರಿ, ನಳಿಗೆ ಕಿರಿದಾಗುವಲ್ಲಿ ಸಿಕ್ಕಿಕೊಳ್ಳುತ್ತೆ. ಟ್ರಿಗರ್ ಎಳೆದರೆ ಬರೀ 'ಟಕ್'. ತೆರೆದು ನೋಡಿದರೆ ತೋಟೆ ಕೂರುವ ಜಾಗ ಖಾಲಿ! ಹಾಕೋಕೇ ಮರೆತೆ ಅಂದ್ಕೊಂಡು 12ರದ್ದು ತುಂಬಿ ಹೊಡೆದರೆ ಮುಗೀತು. ಮುಂದೆ ದಾರಿ ಕಟ್ಟಿರೋದರಿಂದ ಒತ್ತಡಕ್ಕೆ ನಳಿಗೆಯೇ ಸೀಳುತ್ತೆ, ಅದೂ ನಳಿಗೆ ಹಿಡಿದ ಕೈ ಹತ್ತಿರ.

20ರ ತೋಟೆಗೆ ಹಳದಿ ಬಣ್ಣ ಕೊಡುವ ರೂಢಿ ಇದೇ ಕಾರಣಕ್ಕೆ. ಆದರೆ ಮುಸ್ಸಂಜೆ ಬೆಳಕಲ್ಲಿ ಬಣ್ಣ ನಂಬೋ ಹಾಗಿಲ್ಲ. ಎರಡು ಬೋರಿನ ತೋಟೆ ಒಂದೇ ಜೇಬಲ್ಲಿ ಬೇಡ. 'ಟಕ್' ಅಂದರೆ ಕೋವಿಯನ್ನು ಯಾರೂ ಇಲ್ಲದ ಕಡೆಗೆ ಹಿಡಿದು ಅರ್ಧ ನಿಮಿಷ ಕಾಯಿರಿ. ಆಮೇಲೆ ತೆರೆದು, ಹಿಂದಿನಿಂದ ನಳಿಗೆಯೊಳಗೆ ಬೆಳಕು ಕಾಣುತ್ತಾ ನೋಡಿ. ಕಾಣದಿದ್ದರೆ ಕಡ್ಡಿ ಹಾಕಿ ತಿವಿಯಬೇಡಿ, ಪರವಾನಗಿ ಇರುವ ಕೋವಿ ರಿಪೇರಿಯವರಿಗೆ ತಿಳಿಸಿ.